ವಾಕರಿಗೆ ಪೌಡರು

ಇದು ನಡೆದದ್ದನ್ನು ನಡೆದಂತೆಯೇ ಹೇಳುವ ಕಥೆ. ನಡೆದವರು ಅತ್ತೆ, ನಡೆಸಿದವಳು ಸೊಸೆ, ನಡುವೆ ನಿಂತು ನಡುಗಿದವನು ಮಗ. ನಂಬಿಕೆ ಬಾರದವರು ಅತ್ತೆಯನ್ನೇ ಕೇಳಬಹುದು. ಒಂದು ಮಾರು ದೂರ ನಿಂತು ಕೇಳಿದರೆ ಕಿವಿಗೆ ಕ್ಷೇಮ. ನಿವೃತ್ತಿಯಾಗುವವರೆಗೂ ಅತ್ತೆ ಬಸ್ ನಿಲ್ದಾಣದಲ್ಲಿ ಹೊರಡುವ ಬಸ್ಸುಗಳನ್ನು ಮೈಕಿನಲ್ಲಿ ಕೂಗುತ್ತಿದ್ದವರು. ಮೈಕು ಕೆಟ್ಟ ದಿನ ಪ್ರಯಾಣಿಕರಿಗೆ ವ್ಯತ್ಯಾಸವೇ ಗೊತ್ತಾಗುತ್ತಿರಲಿಲ್ಲವಂತೆ.

ಅಂಥ ಅತ್ತೆ ಬಚ್ಚಲಿನಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಮೂಳೆಯೇನೋ ಕೂಡಿತು. ಇನ್ನು ವಾಕರ್ ಹಿಡಿದು ದಿನಾ ಬೀದಿಯಲ್ಲಿ ನಡೆಯಲೇಬೇಕು, ಇಲ್ಲವಾದರೆ ಕಾಲು ಮರಗಟ್ಟಿ ಕೊನೆಯವರೆಗೂ ಕುರ್ಚಿಯೇ ಗತಿ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಅತ್ತೆ ನಡೆಯುತ್ತಿದ್ದರು, ಆದರೆ ಹೊಸ್ತಿಲಿನವರೆಗೆ ಮಾತ್ರ. ಹೊಸ್ತಿಲು ಕಂಡ ಕೂಡಲೇ ವಾಕರನ್ನು ಮೂಲೆಗೆ ನೂಕಿ ಕಿಟಕಿಯ ಪಕ್ಕದ ಕುರ್ಚಿ ಹಿಡಿಯುತ್ತಿದ್ದರು. ವಾಕರಿನ ಮೇಲೆ ಟವೆಲುಗಳು ಒಣಗುತ್ತಿದ್ದವು.

"ಅದು ಆಸ್ಪತ್ರೆ ಸಾಮಾನು ಕಣೇ. ಆ ಬೂದಿ ಬಣ್ಣ ನೋಡು. ಅದನ್ನ ಹಿಡ್ಕೊಂಡು ಹೊರಗೆ ಕಾಲಿಟ್ರೆ ಎಲ್ರೂ ಏನಂತಾರೆ ಗೊತ್ತಾ?" ಎಂದ ಅತ್ತೆ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಮೂಗಿನಲ್ಲಿ ಮರುಕ ಸುರಿಸುತ್ತಾ, "'ಅಯ್ಯೋ ಪಾಪ, ಹೇಗಿದ್ರು, ಹೇಗಾಗ್ಬಿಟ್ರು' ಅಂತಾರೆ. ಆ 'ಪಾಪ' ನಂಗೆ ಬೇಡ," ಎಂದರು.

ಸೊಸೆಗೆ ನಗುವೂ ಬಂತು, ಸಿಟ್ಟೂ ಬಂತು. ಅವಳು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವಳು. ಯಾರ ದನಿಯನ್ನಾದರೂ ಅನುಕರಿಸುವುದರಲ್ಲಿ ಅತ್ತೆಗೆ ಸರಿಜೋಡಿ. ವಾಕರಿನ ಉದ್ದದ ಕೊಳವೆಗಳು ಬೆಳ್ಳಗೆ ಹೊಳೆಯುತ್ತಲೇ ಇದ್ದವು. ಬೂದಿ ಬಣ್ಣವಿದ್ದದ್ದು ಕೊಳವೆಗಳನ್ನು ಹಿಡಿದಿಟ್ಟ ಕಬ್ಬಿಣದ ಕೀಲುಗಳಿಗೆ, ಕೊಂಡಿಗಳಿಗೆ. ಅವುಗಳನ್ನು ಬಿಚ್ಚಿದರೆ ಒಂದು ತಟ್ಟೆಯಲ್ಲಿ ಹಿಡಿಯುತ್ತವೆ.

"ಅತ್ತೆ, ಬಣ್ಣ ಬದಲಾದ್ರೆ ಹೋಗ್ತೀರಾ?"

"ನವಿಲು ಕತ್ತಿನ ನೀಲಿ ಮಾಡ್ಕೊಡು. ಆಮೇಲೆ ನೋಡೋಣ."

ಮಾಮೂಲಿ ಪೇಂಟು ಕೀಲಿನಲ್ಲಿ ಉಜ್ಜಿ ಉಜ್ಜಿ ಎದ್ದುಬರುತ್ತದೆಂದು ಸೊಸೆ ಬಣ್ಣದ ಪುಡಿಯನ್ನು ಒವನ್ನಿನಲ್ಲಿ ಬೇಯಿಸಿ ಕೂರಿಸುವ ಪೌಡರ್ ಕೋಟಿಂಗಿಗೇ ಕೈಹಾಕಿದಳು. ಪುಡಿ ಎರಚುವ ಸೆಕೆಂಡ್ ಹ್ಯಾಂಡ್ ಗನ್ನೊಂದು ಬಂತು. ಬೇಕರಿಯವರು ಕೈಬಿಟ್ಟ ಪುಟ್ಟ ಒವನ್ನೂ ಬಂತು. ಇನ್ನು ಅದರಲ್ಲಿ ತಿನ್ನುವ ಪದಾರ್ಥ ಇಡಕೂಡದೆಂದು ಅವಳು ಅದರ ಬಾಗಿಲಿಗೆ ಕೆಂಪು ಟೇಪು ಅಡ್ಡ ಅಂಟಿಸಿದಳು. ಬೀದಿಯ ಕೊನೆಯಲ್ಲಿದ್ದ ಬಣ್ಣದಂಗಡಿಯವನು ನೀಲಿ ಪೌಡರಿನ ಜೊತೆಗೆ ಬೂದಿ ಬಣ್ಣದ ಸಣ್ಣ ಪೊಟ್ಟಣವೊಂದನ್ನು ಸ್ಯಾಂಪಲ್ ಎಂದು ಪುಕ್ಕಟೆ ತುರುಕಿದ.

ಮೊದಲನೇ ಸಲ ಕೆಟ್ಟಿತು. ಹಳೇ ಬಣ್ಣ ಕೆರೆದು, ಮರಳುಕಾಗದದಿಂದ ಉಜ್ಜಿ, ಜಿಡ್ಡು ತೆಗೆದು ಸಾಲಾಗಿ ತೂಗುಹಾಕಿದ ಕೀಲುಗಳನ್ನು ಗಂಡ ಬಂದು ಒಂದೊಂದಾಗಿ ಸವರಿ, "ಎಷ್ಟು ನುಣ್ಣಗಿದೆ," ಎಂದು ಮೆಚ್ಚಿದ. ತಲೆಗೆ ಎಣ್ಣೆ ಹಚ್ಚಿಕೊಂಡ ಕೈ. ಒವನ್ನಿನಿಂದ ಹೊರಬಂದಾಗ ಅವನು ಮೆಚ್ಚಿದ ಕಡೆಯಲ್ಲೆಲ್ಲ ಸಿಡುಬಿನ ಹಾಗೆ ಗುಳಿ.

"ನನ್ನ ಮಗ ಮುಟ್ಟಿದ್ದೆಲ್ಲ ಹೀಗೇನೇ," ಎಂದರು ಅತ್ತೆ. "ಮಗುವಾಗಿದ್ದಾಗ ಗಡಿಯಾರ ಮುಟ್ಟಿದ್ದ. ಅದು ಇವತ್ತಿಗೂ ನಿಂತೇ ಇದೆ."

ಎರಡನೇ ಸಲ ಗಂಡನಿಗೆ ಗ್ಲೌಸು ತೊಡಿಸಿ, ಮೂವರೂ ಮಾಸ್ಕು ಹಾಕಿಕೊಂಡರು. ಹಿತ್ತಿಲಿನ ತಗಡಿನ ಚಾವಣಿಯ ಕೆಳಗೆ ಅತ್ತೆ ಕುರ್ಚಿ ಹಾಕಿಸಿಕೊಂಡು ಮೇಲ್ವಿಚಾರಣೆಗೆ ಕುಳಿತರು. ಸೊಸೆ ತೂಗುಕಂಬಿಗೆ ಅರ್ತಿಂಗ್ ಕ್ಲಿಪ್ಪು ಕಚ್ಚಿಸಿ ಗನ್ನು ಒತ್ತಿದಳು. ನೀಲಿ ಹೊಗೆ ಹೊರಟು, ಗಾಳಿಯಲ್ಲೇ ತಿರುವು ತೆಗೆದುಕೊಂಡು ಕೀಲುಗಳ ಬೆನ್ನಿಗೂ ಅಂಟಿಕೊಂಡಿತು.

"ಅಲ್ವೇ, ಅಂಟು ಇಲ್ಲ, ನೀರಿಲ್ಲ. ಅದು ಹೇಗೆ ಕೂತ್ಕೊಳ್ಳುತ್ತೆ?"

"ಪೌಡರಿಗೆ ಕರೆಂಟಿನ ಒಂದು ಗುಣ ಕೊಟ್ಟಿರ್ತೀವಿ ಅತ್ತೆ, ಕಬ್ಬಿಣ ಅದಕ್ಕೆ ಉಲ್ಟಾ. ಎದುರುಬದುರು ಇದ್ದೋರೇ ಗಟ್ಟಿಯಾಗಿ ಅಂಟಿಕೊಳ್ಳೋದು."

"ಹಾಗಾದ್ರೆ ನಮ್ಮಿಬ್ಬರನ್ನ ಬಿಡಿಸೋಕೆ ಯಾರಿಂದಲೂ ಆಗಲ್ಲ ಬಿಡು."

"ಇದು ಈಗ ಬರೀ ಕೂತಿರೋದಷ್ಟೇ. ಒವನ್ನಿನಲ್ಲಿ ಕರಗಿ ಬೆಂದರೆ ಮಾತ್ರ ಬಿಡಲ್ಲ," ಎಂದಳು ಸೊಸೆ. ಅತ್ತೆ ಅಷ್ಟರಲ್ಲಿ ಮಗನಿಗೆ ಗ್ಲೌಸು ತೆಗೆಯಬೇಡವೆಂದು ಗದರುತ್ತಿದ್ದರು. ಸೊಸೆಯ ಮಾತು ಅವರ ಕಿವಿಗೆ ಬೀಳಲೇ ಇಲ್ಲ.

ಮಧ್ಯಾಹ್ನ ಅತ್ತೆ ಮಲಗಿದ್ದಾಗ ಕೀಲುಗಳು ಒವನ್ನಿನಿಂದ ಹೊರಬಂದು ಆರಿದವು. ಒಂದು ಗುಳಿಯಿಲ್ಲ, ಒಂದು ಗೀರಿಲ್ಲ. ಮುಖ ನೋಡಿಕೊಳ್ಳುವಂಥ ನೀಲಿ. ಗಂಡಹೆಂಡಿರು ವಾಕರನ್ನು ಜೋಡಿಸಿ ನಿಲ್ಲಿಸಿದರು. ಗಂಡ ಅಮ್ಮನನ್ನು ಎಬ್ಬಿಸಲು ಹೊರಟಾಗ ಸೊಸೆ ಅವನ ತೋಳು ಹಿಡಿದಳು.

"ಈಗ ತೋರಿಸಿದ್ರೆ ಏನಾಗುತ್ತೆ ಹೇಳ್ಲಾ?" ಎಂದು ಅತ್ತೆಯ ದನಿಯಲ್ಲೇ ರಾಗ ಎಳೆದಳು. "'ಚೆನ್ನಾಗಿದೆ ಕಣೇ. ನಾಳೆ ಹೋದ್ರಾಯ್ತು.' ಸಂಜೆ ಹೊತ್ತಿಗೆ ಮತ್ತೆ ಟವೆಲ್ಲು."

ಗಂಡ ಹಿಂದಕ್ಕೆ ಬಂದ. ಅದು ನಿಜವೆಂದು ಅವನಿಗೂ ಗೊತ್ತಿತ್ತು. ಹೊಗಳಿದರೆ, ಬೇಡಿದರೆ ಕುಳಿತುಬಿಡುವ ಹೆಂಗಸು. ಅವರನ್ನು ಎಬ್ಬಿಸಬಲ್ಲದ್ದು ಸಿಟ್ಟೊಂದೇ.

ಸೊಸೆ ವಾಕರನ್ನು ಹೊರಬಾಗಿಲ ಪಕ್ಕಕ್ಕೆ ತಂದಳು. ಪುಕ್ಕಟೆ ಪೊಟ್ಟಣ ಬಿಚ್ಚಿ, ಮೆತ್ತನೆಯ ಬ್ರಷ್ಷಿನಿಂದ ನೀಲಿ ಕೀಲುಗಳ ಮೇಲೆಲ್ಲ ಬೂದಿ ಬಣ್ಣದ ಪೌಡರು ಉದುರಿಸಿ ಸವರಿದಳು. ಹೊಳಪೆಲ್ಲ ಮಂಕಾಗಿ, ವಾಕರು ಮತ್ತೆ ಆಸ್ಪತ್ರೆಯಿಂದ ಈಗಷ್ಟೇ ಇಳಿದಂತೆ ನಿಂತಿತು.

"ಬಿದ್ದುಗಿದ್ದರೆ?" ಎಂದ ಗಂಡ ಸಣ್ಣ ದನಿಯಲ್ಲಿ.

"ನಾನು ಹಿಂದೇನೇ ಇರ್ತೀನಿ," ಎಂದಳು.

ಅತ್ತೆ ಎದ್ದು ಗೋಡೆ ಹಿಡಿದು ಬಾಗಿಲಿಗೆ ಬಂದರು. ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

"ಇದು ನವಿಲಾ?"

ಸೊಸೆ ತಲೆ ತಗ್ಗಿಸಿ, ಬಣ್ಣದಂಗಡಿಯವನ ಗೊಗ್ಗರು ಗಂಟಲನ್ನು ಎರವಲು ತಂದಳು. "'ಮೇಡಂ, ವಯಸ್ಸಾದೋರಿಗೆ ನೀಲಿಗೀಲಿ ಯಾಕೆ? ಅವರಿಗೆ ಬೂದಿನೇ ಸರಿ. ಹೇಗೂ ಮನೇಲೇ ಕೂತಿರ್ತಾರೆ' ಅಂದ್ರು ಅತ್ತೆ."

ಅತ್ತೆಯ ಮೂಗಿನ ತುದಿ ಕೆಂಪಾಯಿತು.

"ಯಾರು, ಆ ಗೊಗ್ಗರು ಗಂಟಲಿನೋನಾ? ಮನೇಲೇ ಕೂತಿರ್ತಾರೆ ಅಂದ್ನಾ? ಕೊಡೇ ಅದನ್ನ ಇಲ್ಲಿ."

ವಾಕರು ಹೊಸ್ತಿಲು ದಾಟಿದ್ದು ಯಾರ ಗಮನಕ್ಕೂ ಬರಲಿಲ್ಲ, ಸೊಸೆಯೊಬ್ಬಳ ಹೊರತು. ಮೆಟ್ಟಿಲು, ಗೇಟು, ಬೀದಿ. ಟಕ್, ಹೆಜ್ಜೆ, ಟಕ್, ಹೆಜ್ಜೆ. ಅತ್ತೆ ಬೈಗುಳವನ್ನು ಒಂದೊಂದಾಗಿ ಹರಿತ ಮಾಡಿಕೊಳ್ಳುತ್ತಾ ನಡೆದರು. ಸೊಸೆ ಎರಡು ಕೈಯನ್ನೂ ಮುಂದೆ ಚಾಚಿಕೊಂಡು, ಬೀಳುವ ಗಾಜಿನ ಪಾತ್ರೆ ಹಿಡಿಯಲು ಓಡುವವಳಂತೆ ಉಸಿರು ಹಿಡಿದು ಹಿಂಬಾಲಿಸಿದಳು. ಅವಳ ಹಿಂದೆ ಗಂಡ, ಏನೂ ತೋಚದೆ ಮಡಚುವ ಕುರ್ಚಿಯೊಂದನ್ನು ಹೊತ್ತುಕೊಂಡು. ಪ್ರತಿ ಟಕ್ಕಿಗೂ ಒಂದಿಷ್ಟು ಬೂದಿ ಉದುರುತ್ತಿತ್ತು.

ಅಂಗಡಿ ಇನ್ನೂ ನಾಲ್ಕು ಮನೆ ಆಚೆಗಿರುವಾಗ ಅತ್ತೆ ದಣಿವಾರಿಸಿಕೊಳ್ಳಲು ನಿಂತರು. ಹಿಡಿಯ ಕೆಳಗಿನ ಕೀಲಿಗೆ ಅವರ ಅಂಗೈ ತಾಗಿತು. ಅಂಗೈ ಬೂದಿ, ಕೀಲು ನೀಲಿ. ಕರ್ಚೀಫು ತೆಗೆದು ಇನ್ನೊಂದು ಕೀಲು ಒರೆಸಿದರು. ಅದೂ ನೀಲಿ, ಬಿಸಿಲಿಗೆ ಕಣ್ಣು ಕೋರೈಸುವಂತೆ. ಅತ್ತೆ ನಿಧಾನವಾಗಿ ತಿರುಗಿ ಮನೆಯತ್ತ ನೋಡಿದರು. ಗೇಟು ಎಷ್ಟೋ ದೂರದಲ್ಲಿತ್ತು. ಆಮೇಲೆ ಸೊಸೆಯನ್ನು ನೋಡಿದರು.

"ಮೇಲಿನದು ಬೇಯಿಸದ ಪೌಡರು ಅತ್ತೆ," ಎಂದಳು ಸೊಸೆ, ಕೈ ಇನ್ನೂ ಚಾಚಿಕೊಂಡೇ. "ಒರೆಸಿದ್ರೆ ಹೋಗುತ್ತೆ. ಅಂಗಡಿಯವರು ಪಾಪ ಏನೂ ಅಂದಿಲ್ಲ. ಅಂದಿದ್ದು ನಾನು."

ಅತ್ತೆಯ ಮುಖ ಬಿಗಿದುಕೊಂಡಿತು. ಗಂಡ ಕುರ್ಚಿಯನ್ನು ಎದೆಗೆ ಅಡ್ಡ ಹಿಡಿದ.

"ಕಳ್ಳಿ," ಎಂದರು ಅತ್ತೆ. "ಗಂಟಲು ಮಾತ್ರ ಅವನದೇ ಕಣೇ. ಹಾಗೇ ಇತ್ತು."

ಸೊಸೆ ಕಿಸಕ್ಕೆಂದಳು. ಗಂಡನೂ ಹೆದರಿ ಹೆದರಿ ನಕ್ಕ. ಅತ್ತೆಗೆ ನಗು ಹೊಟ್ಟೆಯಿಂದ ಹೊರಟು ಭುಜಕ್ಕೆ ಬಂದು, ವಾಕರು ಗಡಗಡ ನಡುಗಿ ಉಳಿದ ಬೂದಿಯೂ ಉದುರಿಹೋಯಿತು. ಕಿಟಕಿಗಳು ತೆರೆದುಕೊಂಡವು, ಬಣ್ಣದಂಗಡಿಯವನು ಏನಾಯಿತೆಂದು ಹೊರಗೆ ಓಡಿಬಂದ. ಅವನ ಮುಖ ಕಂಡದ್ದೇ ತಡ, ಅತ್ತೆ ಮಿಕ್ಕಿಬ್ಬರ ನಗುವನ್ನೂ ಮುಳುಗಿಸಿ ಇನ್ನಷ್ಟು ಜೋರಾಗಿ ನಕ್ಕರು.