ನಟ್ಟಿನ ಮೇಲಿನ ಹಳದಿ ಗೆರೆ

ಸೋಮವಾರ ಬೆಳಿಗ್ಗೆ ಗ್ಯಾರೇಜಿನ ದೀಪ ಹಾಕಿದ ಆರ್ನಲ್ಡ್ ಟಸ್ಟಿನ್ ಕೋಟು ಕೂಡ ಬಿಚ್ಚದೆ ಸ್ಟ್ಯಾಂಡಿಗೇರಿಸಿದ್ದ ಕಾರಿನ ಎಂಜಿನ್ನಿನ ಮೇಲೆ ಬಗ್ಗಿದ. ಎಂಜಿನ್ನಿನ ಮೇಲ್ಮುಚ್ಚಳವಾದ ಹೆಡ್ಡನ್ನು ಹಿಡಿದಿದ್ದ ಹತ್ತು ನಟ್ಟುಗಳಲ್ಲಿ ನಾಲ್ಕನೆಯದರ ಗೆರೆ ಮುರಿದಿತ್ತು. ಯಾರೋ ಕೈ ಹಾಕಿದ್ದಾರೆ.

ನಟ್ಟನ್ನು ಬೇಕಾದಷ್ಟು ಬಿಗಿ ಮಾಡಿ, ಆಮೇಲೆ ಅದರ ತಲೆಯಿಂದ ಕೆಳಗಿನ ಕಬ್ಬಿಣದವರೆಗೆ ಸಣ್ಣ ಕುಂಚದಲ್ಲಿ ಒಂದು ಹಳದಿ ಗೆರೆ ಎಳೆಯುವುದು ಅವನು ಕಾವೆಂಟ್ರಿಯ ಕಾರು ಕಾರ್ಖಾನೆಯಲ್ಲಿ ಕಂಡು ಕಲಿತ ಪದ್ಧತಿ. ಗೆರೆ ಒಂದೇ ಸಮ ಇದ್ದರೆ ನಟ್ಟು ಕದಲಿಲ್ಲ, ಮುರಿದಿದ್ದರೆ ಕದಲಿದೆ. ನಟ್ಟು ತಾನಾಗಿ ಕದಲುವುದಿಲ್ಲ. ಅದಕ್ಕೆ ಸ್ಪ್ಯಾನರು ಬೇಕು, ಸ್ಪ್ಯಾನರಿಗೊಂದು ಕೈ ಬೇಕು. ಆರ್ನಲ್ಡ್ ತನ್ನ ಸ್ಪ್ಯಾನರು ಇಟ್ಟು ನೋಡಿದ. ನಟ್ಟು ಭದ್ರವಾಗಿಯೇ ಇತ್ತು. ಇನ್ನೊಬ್ಬನಾಗಿದ್ದರೆ ಸಮಾಧಾನಪಟ್ಟುಕೊಂಡು ಟೀ ಕುಡಿಯಲು ಹೋಗುತ್ತಿದ್ದ. ಆರ್ನಲ್ಡನಿಗೆ ಅನಿಸಿದ್ದೇ ಬೇರೆ: ಬಿಚ್ಚಿ, ಏನೋ ಮಾಡಿ, ಗೊತ್ತಾಗದಿರಲೆಂದು ಮತ್ತೆ ಬಿಗಿ ಮಾಡಿ ಹೋಗಿದ್ದಾನೆ. ಹತ್ತರಲ್ಲಿ ಒಂದೇ ನಟ್ಟು ಬಿಚ್ಚಿ ಯಾರು ಏನು ತಾನೇ ಮಾಡಿಯಾರು ಎಂದು ಕೇಳುವವರು ಪಕ್ಕದಲ್ಲಿರಲಿಲ್ಲ. ಅವನು ಸ್ಪಾರ್ಕ್ ಪ್ಲಗ್ಗಿನ ತೂತಿನೊಳಗೆ ಬೆರಳು ಹಾಕಿ, ಮರಳು ಸಿಕ್ಕೀತೇ ಎಂದು ತಡವಿದ. ಸಿಗಲಿಲ್ಲ. ಸಿಗದಿದ್ದಕ್ಕೆ ಅವನಿಗೆ ನಿರಾಶೆಯೇ ಆಯಿತು ಎನ್ನಬೇಕು.

ಎರಡು ವರ್ಷದ ಹಿಂದೆ ರೈತನೊಬ್ಬನ ಕೊಟ್ಟಿಗೆಯಲ್ಲಿ, ಕೋಳಿಗಳು ಮೊಟ್ಟೆಯಿಡುತ್ತಿದ್ದ ಸ್ಥಿತಿಯಲ್ಲಿ ಸಿಕ್ಕಿದ್ದ ಕಾರು ಅದು. ಐವತ್ತೇಳನೇ ಇಸವಿಯ ಎರಡು ಸೀಟಿನ ಸ್ಪೋರ್ಟ್ಸ್ ಕಾರು, ಆರ್ನಲ್ಡ್ ಮೂವತ್ತೊಂದು ವರ್ಷ ದುಡಿದ ಕಾರ್ಖಾನೆಯದೇ. ಕಾರ್ಖಾನೆ ಬಾಗಿಲು ಹಾಕಿತ್ತು, ಅವನಿಗೆ ಅರವತ್ತಾರು ತುಂಬಿತ್ತು. ಬರುವ ಶನಿವಾರ ಎಂಜಿನ್ನನ್ನು ಕಾರಿಗೆ ಇಳಿಸಿ ಸ್ಟಾರ್ಟ್ ಮಾಡುವುದೆಂದು ನಿಶ್ಚಯವಾಗಿತ್ತು. ಒಳಗೆ ಎಲ್ಲೋ ಒಂದು ಬೋಲ್ಟು ಸಡಿಲವಿದ್ದರೂ ಐದು ನಿಮಿಷದಲ್ಲಿ ಪಿಸ್ಟನ್ನಿನ ರಾಡು ಎಂಜಿನ್ನಿನ ಗೋಡೆ ಒಡೆದು ಹೊರಗೆ ಬರುತ್ತದೆ. ಅಂಥ ಇನ್ನೊಂದು ಎಂಜಿನ್ನು ಈ ಜನ್ಮದಲ್ಲಿ ಸಿಗುವುದಿಲ್ಲ. ಕೆಲಸ ಕಲಿತ ಕೈ ಇನ್ನೂ ಹಾಗೇ ಇದೆಯೆಂದು ಅವನು ಒಬ್ಬರಿಗೆ ತೋರಿಸಿಕೊಡಬೇಕಿತ್ತು. ಆ ಒಬ್ಬರು ಅವನೇ.

ಮಂಗಳವಾರ ಮತ್ತೆ ಎರಡು ಗೆರೆ ಮುರಿದಿದ್ದವು. ಈ ಸಲ ಹೆಡ್ಡಿನ ಮೇಲೆ ಅವನು ಹಿಂದಿನ ದಿನವಷ್ಟೇ ಕೂರಿಸಿದ್ದ, ವಾಲ್ವುಗಳನ್ನು ಒತ್ತುವ ರಾಕರುಗಳ ನಟ್ಟುಗಳು. ಈಗ ಅವನು ಹೆಸರು ಹುಡುಕಬೇಕಾಗಿರಲಿಲ್ಲ. ಮನೆಯ ಹೊರಗೆ ಗ್ಯಾರೇಜಿನ ಬೀಗದಕೈ ಇದ್ದದ್ದು ಪಕ್ಕದ ಮನೆಯ ಕ್ಲೈವ್ ಬೀಸ್ಲಿಯ ಹತ್ತಿರ ಮಾತ್ರ. ಇಪ್ಪತ್ತು ವರ್ಷದಿಂದ ಇವರ ಕೀ ಅವರಲ್ಲಿ, ಅವರ ಕೀ ಇವರಲ್ಲಿ. ಕ್ಲೈವ್ ಆ ಕಾರನ್ನು ತನಗೆ ಮಾರೆಂದು ಮೂರು ಸಲ ಕೇಳಿದ್ದ.

ಆರ್ನಲ್ಡ್ ಹೋದಾಗ ಕ್ಲೈವ್ ಬೇಲಿಯಾಚೆ ಬಟಾಣಿ ಬಳ್ಳಿಗೆ ಕಡ್ಡಿ ಚುಚ್ಚುತ್ತಿದ್ದ.

"ಗ್ಯಾರೇಜಿನ ಕೀ ಕೊಡು."

"ಯಾಕಯ್ಯ, ನಿಂದು ಎಲ್ಲಾದ್ರೂ ಬೀಳಿಸ್ಕೊಂಡ್ಯಾ?"

"ನಂದು ನನ್ ಹತ್ರಾನೇ ಇದೆ. ಇನ್ನೊಬ್ಬರ ಹತ್ರ ಇರೋದು ಬೇಡ."

ಕ್ಲೈವ್ ಕಡ್ಡಿ ಕೆಳಗಿಟ್ಟ. "ಮ್ಯೂರಿಯಲ್ ಏನಾದ್ರೂ ಹೇಳಿದ್ಲಾ?"

"ನನ್ ಹೆಂಡ್ತಿ ಏನು ಹೇಳೋದು? ಕಣ್ಣು ನನಗೂ ಇದೆ. ನೀನು ಮೂರು ಸಲ ಕೇಳ್ದೆ, ನಾನು ಕೊಡ್ಲಿಲ್ಲ. ಎಂಜಿನ್ ಹಾಳಾದ್ರೆ ಗುಜರಿ ರೇಟಿಗೆ ಸಿಗುತ್ತೆ ಅಂತ ತಾನೇ?"

ಇಂಥ ಮಾತಿಗೆ ಯಾರಾದರೂ ತಿರುಗಿಬೀಳಬೇಕು. ಕ್ಲೈವ್ ಒಳಗೆ ಹೋಗಿ ಕೀ ತಂದು, ಅದಕ್ಕಂಟಿದ ಮಣ್ಣನ್ನು ಪ್ಯಾಂಟಿಗೆ ಒರೆಸಿ, "ತಗೋ" ಎಂದ. ಅಷ್ಟೇ. ಬೈಸಿಕೊಳ್ಳುವವನು ಸುಮ್ಮನಿದ್ದುಬಿಟ್ಟರೆ ಬೈದವನಿಗೆ ಬೈದ ಸುಖವೂ ಇರುವುದಿಲ್ಲ. ತಪ್ಪಿತಸ್ಥನಲ್ಲದಿದ್ದರೆ ಸುಮ್ಮನಿರುತ್ತಿದ್ದನೇ ಎಂದು ಗೊಣಗಿಕೊಂಡು ಆರ್ನಲ್ಡ್ ವಾಪಸು ಬಂದ.

ಬುಧವಾರ ಇನ್ನೊಂದು ಗೆರೆ. ಕೀ ಕೊಡುವ ಮುಂಚೆ ಇನ್ನೊಂದು ಮಾಡಿಸಿಟ್ಟುಕೊಂಡಿದ್ದಾನೆ, ಬಿಡು, ಕ್ಲೈವ್ ಏನು ದಡ್ಡನೇ. ಆರ್ನಲ್ಡ್ ಅಂಗಡಿಗೆ ಹೋಗಿ ಹೊಸ ಬೀಗ ತಂದು ಮಧ್ಯಾಹ್ನದೊಳಗೆ ಕೂರಿಸಿದ. ಹೋದ ವಾರ ಬೀದಿಯಲ್ಲಿ ಯಾರದೋ ಹುಲ್ಲು ಕತ್ತರಿಸುವ ಯಂತ್ರ ಕಳುವಾದಾಗಿನಿಂದ ಉಪಕರಣದ ಪೆಟ್ಟಿಗೆಗೆ ಬೀಗ ಬಿದ್ದೇ ಇತ್ತು. ಈಗ ಬಾಗಿಲಿಗೂ ಬಿತ್ತು. ಹೊಸ ಬೀಗದ ಎರಡನೇ ಕೀಯನ್ನು ಎಂದಿನಂತೆ ಅಡುಗೆಮನೆಯ ಮೊಳೆಗೆ ನೇತುಹಾಕಿದ.

ಅವತ್ತು ಸಂಜೆ ಅವನು ಮೇಲಿನ ಕೋಣೆಯ ಕಿಟಕಿಯಿಂದ ಹೊರಗೆ ನೋಡಿದ. ಬೇಲಿಯ ಹತ್ತಿರ ಅವನ ಹೆಂಡತಿ ಮ್ಯೂರಿಯಲ್, ಆಚೆ ಕಡೆ ಕ್ಲೈವ್. ಇಬ್ಬರೂ ತಲೆ ತಗ್ಗಿಸಿ ಮಾತಾಡುತ್ತಿದ್ದರು. ಕ್ಲೈವ್ ಪಾತ್ರೆ ಒರೆಸುವ ಬಟ್ಟೆಯಲ್ಲಿ ಸುತ್ತಿದ ಮೊಳದುದ್ದದ ಏನನ್ನೋ ಕೊಟ್ಟ. ಮ್ಯೂರಿಯಲ್ ಅದನ್ನು ಏಪ್ರನ್ನಿನ ಮರೆಯಲ್ಲಿ ಹಿಡಿದು ಒಳಗೆ ಬಂದಳು.

ಊಟಕ್ಕೆ ಕುರಿಮಾಂಸದ ಕಡುಬು, ಬೇಯಿಸಿದ ಆಲೂಗಡ್ಡೆ. ಆರ್ನಲ್ಡ್ ಫೋರ್ಕಿನಲ್ಲಿ ಆಲೂಗಡ್ಡೆ ಕೆದಕುತ್ತ ಕೂತ.

"ಕ್ಲೈವ್ ಏನಂದ?"

"ಯಾವಾಗ?"

"ಇವತ್ತು, ಬೇಲಿ ಹತ್ರ."

"ಬಟಾಣಿಗೆ ಪಾರಿವಾಳದ ಕಾಟವಂತೆ." ಮ್ಯೂರಿಯಲ್ ಅವನ ತಟ್ಟೆಗೆ ಸಾರು ಸುರಿದಳು. "ಆರಿಹೋಗ್ತಿದೆ, ತಿನ್ನು."

ನಲವತ್ತು ವರ್ಷ ಸಂಸಾರ ಮಾಡಿದ ಹೆಂಗಸು, ಮುಖದ ಒಂದು ಗೆರೆ ಅಲ್ಲಾಡಿಸದೆ ಸುಳ್ಳು ಹೇಳಿದಳು. ಆರ್ನಲ್ಡನಿಗೆ ತಿಂದದ್ದು ರುಚಿಸಲಿಲ್ಲ. ಈ ಕಾರಿನ ಗೀಳು ಸಾಕು ಮಾಡು ಎಂದು ಅವಳೂ ಆಗಾಗ ಹೇಳಿದ್ದುಂಟು. ಇಬ್ಬರೂ ಸೇರಿ ಎಂಜಿನ್ ಕೆಡಿಸಿ ಕಾರನ್ನು ಮನೆಯಿಂದ ಸಾಗಹಾಕುವ ಹಂಚಿಕೆ ಎಂದು ಅವನಿಗೆ ಖಾತ್ರಿಯಾಯಿತು. ಅದರ ನೋವು ಎಷ್ಟಿತ್ತೆಂದರೆ, ಪುಡಿಂಗ್ ಬೇಡವೆಂದು ಎದ್ದು ಹೋದ.

ಗುರುವಾರ ಬೆಳಿಗ್ಗೆ ಅವನು ಗ್ಯಾರೇಜಿಗೆ ಇಣುಕಲಿಲ್ಲ. ಕ್ಷೌರ ಮಾಡಿಸಿಕೊಂಡು ಬರುತ್ತೇನೆಂದು ಹೇಳಿ ಬಸ್ಸು ಹತ್ತಿ, ಮುಂದಿನ ಸ್ಟಾಪಿನಲ್ಲೇ ಇಳಿದು, ಹಿಂದಿನ ಓಣಿಯಿಂದ ನಡೆದು ಬಂದ. ಸ್ವಂತ ಮನೆಯ ಗ್ಯಾರೇಜಿನ ಕಿಟಕಿಗೆ ಕಳ್ಳನ ಹಾಗೆ ಮೂಗು ಹಚ್ಚಿದ.

ಒಳಗೆ ಮ್ಯೂರಿಯಲ್ ಇದ್ದಳು. ಕನ್ನಡಕ ಮೂಗಿನ ತುದಿಯಲ್ಲಿತ್ತು, ಪಕ್ಕದಲ್ಲಿ ರಿಪೇರಿ ಪುಸ್ತಕ ತೆರೆದಿತ್ತು. ಕೈಯಲ್ಲಿ ಕ್ಲೈವ್‌ನ ಟಾರ್ಕ್ ಸ್ಪ್ಯಾನರು. ಬೇಕಾದಷ್ಟು ಬಿಗಿಯಾದ ಕೂಡಲೇ ಟಕ್ ಎಂದು ಸದ್ದು ಮಾಡುವಂಥದ್ದು. ಅವನು ನಿನ್ನೆ ಎಂಜಿನ್ನಿನ ಹಿಂಬದಿಗೆ ಕೂರಿಸಿದ ಭಾರದ ಚಕ್ರ, ಫ್ಲೈವೀಲಿನ ಬೋಲ್ಟುಗಳಿಗೆ ಒಂದೊಂದಕ್ಕೇ ಸ್ಪ್ಯಾನರು ಇಡುತ್ತಿದ್ದಳು. ಟಕ್. ಟಕ್. ಮೂರನೆಯದಕ್ಕೆ ಟಕ್ ಬರಲಿಲ್ಲ. ಸ್ಪ್ಯಾನರು ಸುಮ್ಮನೆ ತಿರುಗಿತು.

ಆರ್ನಲ್ಡ್ ಬಾಗಿಲು ತಳ್ಳಿಕೊಂಡು ಒಳಗೆ ಬಂದ. "ಸಿಕ್ಕಿಬಿದ್ಯಲ್ಲ. ಬಿಚ್ಚು ಬಿಚ್ಚು, ಪೂರ್ತಿ ಬಿಚ್ಚಿಹಾಕು. ಆಮೇಲೆ ಇಬ್ಬರೂ ಸೇರಿ ತೂಕಕ್ಕೆ ಹಾಕಿ."

ಮ್ಯೂರಿಯಲ್ ಹೆದರಲಿಲ್ಲ. ಸಿಟ್ಟಾಗಲೂ ಇಲ್ಲ. ಸ್ಪ್ಯಾನರು ಕೆಳಗಿಡದೆ, "ನೀನೇ ನೋಡು. ನಾನು ಯಾವ ಕಡೆ ತಿರುಗಿಸ್ತಿದೀನಿ?" ಎಂದಳು.

ಅವನು ನೋಡಿದ. ಬಲಗಡೆಗೆ, ಬಿಗಿಯಾಗುವ ಕಡೆಗೆ.

ಹೆಡ್ಡಿನ ನಾಲ್ಕನೇ ನಟ್ಟನ್ನು ನೋಡಿದ. ಅದರ ಮೇಲಿನ ಅರ್ಧ ಗೆರೆ ಬಲಕ್ಕೆ ಕಾಲು ಸುತ್ತು ಸರಿದಿತ್ತು. ರಾಕರಿನ ಎರಡೂ ಹಾಗೆಯೇ. ಬಿಚ್ಚಿ ಮತ್ತೆ ಅಷ್ಟೇ ಬಿಗಿ ಮಾಡಿದ ನಟ್ಟು ಹೆಚ್ಚುಕಡಿಮೆ ಹಳೇ ಜಾಗಕ್ಕೇ ಬಂದು ನಿಲ್ಲುತ್ತದೆ. ಕಾಲು ಸುತ್ತು ಮುಂದಕ್ಕೆ ಹೋಗಿದೆಯೆಂದರೆ, ಅದು ಮೊದಲು ಬಿಗಿಯೇ ಆಗಿರಲಿಲ್ಲ. ಬೆರಳಲ್ಲಿ ತಿರುಗಿಸಿ ಬಿಟ್ಟ ನಟ್ಟಿನ ಮೇಲೆ ಯಾರೋ ಚೆಂದವಾಗಿ ಹಳದಿ ಗೆರೆ ಎಳೆದಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದವನೂ ಇದನ್ನು ಸೋಮವಾರವೇ ಕಂಡುಹಿಡಿಯುತ್ತಿದ್ದ.

ಕಾರ್ಖಾನೆಯಲ್ಲಿ ಬಿಗಿ ಮಾಡುವವನು ಗೆರೆ ಎಳೆಯುವಂತಿರಲಿಲ್ಲ. ಎಳೆಯುವವರು ಬೇರೆ: ಬಿಳಿ ಕೋಟಿನ ತಪಾಸಣೆಯವರು. ಮದುವೆಗೆ ಮುಂಚೆ ಮ್ಯೂರಿಯಲ್ ಆರು ವರ್ಷ ಮಾಡಿದ್ದು ಅದೇ ಕೆಲಸ. ಮನೆಯ ಗ್ಯಾರೇಜಿನಲ್ಲಿ ಆರ್ನಲ್ಡ್ ಎರಡೂ ಕೆಲಸ ತಾನೇ ವಹಿಸಿಕೊಂಡಿದ್ದ.

"ನನಗೆ ಯಾಕೆ ಹೇಳ್ಲಿಲ್ಲ?" ಅವನ ದನಿ ಇಳಿದಿತ್ತು.

"ಹೇಳ್ದೆ. ಫೆಬ್ರವರೀಲಿ. ಚೈನಿನ ಹತ್ರ ಸಡಿಲ ಇದ್ದ ಬೋಲ್ಟು ತೋರಿಸ್ದೆ. ನೀನೇ ಬಿಗಿ ಮಾಡ್ದೆ, ಇಲ್ಲೇ ಸ್ಟೂಲ್ ಮೇಲೆ ಕೂತು ಅತ್ಬಿಟ್ಟೆ. ಮಾರನೇ ದಿನ ನಿನಗೆ ಅದು ನೆನಪೇ ಇರ್ಲಿಲ್ಲ." ಅವಳು ಕನ್ನಡಕ ಮೇಲಕ್ಕೆ ತಳ್ಳಿದಳು. "ಮತ್ತೆ ಯಾಕೆ ನಿನ್ನನ್ನ ಅಳಿಸೋದು ಅಂತ ಸುಮ್ನೆ ಹಿಂದಿಂದೆ ಬಿಗಿ ಮಾಡ್ಕೊಂಡು ಬಂದೆ. ಮುರಿದ ಗೆರೆ ಒರೆಸಿ ಹೊಸದು ಎಳೀತಿದ್ದೆ. ಹೋದ ವಾರ ನೀನು ಸ್ಪ್ಯಾನರು, ಬಣ್ಣ ಎರಡೂ ಇದ್ದ ಪೆಟ್ಟಿಗೆಗೆ ಬೀಗ ಹಾಕ್ದೆ. ಸ್ಪ್ಯಾನರನ್ನ ದಿನಾ ಕ್ಲೈವ್ ಹತ್ರ ಇಸ್ಕೊಂಡು ವಾಪಸು ಕೊಡ್ತಿದ್ದೆ. ಹಳದಿ ಬಣ್ಣ ಅವನ ಹತ್ರ ಇರ್ಲಿಲ್ಲ."

ಆರ್ನಲ್ಡ್ ಫೆಬ್ರವರಿಯನ್ನು ಹುಡುಕಿದ. ಸ್ಟೂಲು ಗೊತ್ತು, ಬೋಲ್ಟು ಗೊತ್ತು, ಅತ್ತದ್ದು ಗೊತ್ತಿಲ್ಲ. ಬೇರೊಬ್ಬನ ವಿಷಯ ಕೇಳಿದ ಹಾಗಾಯಿತು. ಅವನಿಗೆ ಭಯವಾಯಿತು. ಇಷ್ಟು ದಿನ ಕಳ್ಳನನ್ನು ಹುಡುಕುವಾಗ ಸಿಟ್ಟಿತ್ತು, ಒಂದು ರೀತಿಯ ಹುರುಪೂ ಇತ್ತು. ಈಗ ಬರೀ ಭಯ.

ಆಗ ಅವನಿಗೆ ಕೆಳಭಾಗ ಹೊಳೆಯಿತು. ಎಂಜಿನ್ನಿನ ತಳದ ಎಣ್ಣೆ ತೊಟ್ಟಿಯನ್ನು ಅವನು ಮುಚ್ಚಿದ್ದು ಜನವರಿಯಲ್ಲಿ, ಮ್ಯೂರಿಯಲ್ ಕಣ್ಣಿಡುವುದಕ್ಕೆ ಮುಂಚೆ. ಅದರೊಳಗಿದ್ದವು ಎಲ್ಲಕ್ಕಿಂತ ಮುಖ್ಯವಾದವು: ಎಂಜಿನ್ನಿನ ತಿರುಗುವ ದಂಡವಾದ ಕ್ರ್ಯಾಂಕನ್ನು ಹಿಡಿದ ಆರು ದಪ್ಪ ಬೋಲ್ಟು, ರಾಡುಗಳನ್ನು ಅದಕ್ಕೆ ಹಿಡಿದ ಎಂಟು ಸಣ್ಣ ಬೋಲ್ಟು.

"ಅವು ಬಿಗಿ ಮಾಡಿದೀನಿ," ಎಂದ. "ಚೆನ್ನಾಗಿ ನೆನಪಿದೆ. ಹದಿನಾಲ್ಕೂ."

ನೆನಪು ನಿಜಕ್ಕೂ ಸ್ಪಷ್ಟವಾಗಿತ್ತು. ಕೈಗೆ ಸ್ಪ್ಯಾನರಿನ ಭಾರ, ಒಂದೊಂದಕ್ಕೂ ಟಕ್ ಎಂಬ ಸದ್ದು. ಸದ್ದಿನ ಹಿಂದೆ ಬೆಲ್ಟಿನ ಗಡಗಡ. ಪಕ್ಕದ ಸಾಲಿನವನ ಸಿಳ್ಳೆ. ಹತ್ತು ಗಂಟೆಯ ಟೀ ಗಾಡಿಯ ಗಂಟೆ. ಅವನು ನೆನೆಯುತ್ತಿದ್ದದ್ದು ಕಾರ್ಖಾನೆಯನ್ನು. ಮೂವತ್ತೊಂದು ವರ್ಷ ದಿನವೂ ಬಿಗಿ ಮಾಡಿದ ಸಾವಿರಾರು ಬೋಲ್ಟುಗಳು ತಲೆಯಲ್ಲಿ ಭದ್ರವಾಗಿದ್ದವು. ಈ ಹದಿನಾಲ್ಕು ಅವುಗಳಲ್ಲಿ ಇದ್ದವೋ ಇಲ್ಲವೋ ಹೇಳುವ ದಾರಿ ಇರಲಿಲ್ಲ.

"ಬಿಚ್ಚೋಣ," ಎಂದ.

ಇಬ್ಬರೂ ಸೇರಿ ಸ್ಟ್ಯಾಂಡಿನ ಮೇಲೆ ಎಂಜಿನ್ನನ್ನು ತಲೆಕೆಳಗು ತಿರುಗಿಸಿದರು. ತೊಟ್ಟಿಯ ಸಣ್ಣ ಬೋಲ್ಟುಗಳನ್ನು ಅವನು ಬಿಚ್ಚಿದ, ಅವಳು ಡಬ್ಬಿಗೆ ಹಾಕಿಕೊಂಡಳು. ತೊಟ್ಟಿ ಎತ್ತಿದಾಗ ಹದಿನಾಲ್ಕು ಹಳದಿ ಗೆರೆಗಳು ಒಂದೇ ಅಳತೆಯಲ್ಲಿ, ಎಷ್ಟು ಅಚ್ಚುಕಟ್ಟಾಗಿದ್ದವೆಂದರೆ ಆರ್ನಲ್ಡನಿಗೆ ಕ್ಷಣಕಾಲ ಹೆಮ್ಮೆಯೆನಿಸಿತು. ಮ್ಯೂರಿಯಲ್ ಸ್ಪ್ಯಾನರು ಇಟ್ಟಳು. ದಪ್ಪನೆಯ ಆರೂ ಟಕ್ ಎಂದವು. ಸಣ್ಣವುಗಳಲ್ಲಿ ಮೊದಲ ನಾಲ್ಕು ಟಕ್ ಎಂದವು. ಐದನೆಯದು ತಿರುಗಿತು. ಆರನೆಯದೂ ತಿರುಗಿತು. ಎರಡೂ ಒಂದೇ ರಾಡಿನವು. ಶನಿವಾರ ಸ್ಟಾರ್ಟ್ ಮಾಡಿದ್ದರೆ ಆ ಎಂಜಿನ್ನು ಅವರಿಗೆ ಟೀ ಕುಡಿಯುವಷ್ಟು ಹೊತ್ತನ್ನೂ ಕೊಡುತ್ತಿರಲಿಲ್ಲ.

ಅವಳು ಉಳಿದೆರಡನ್ನೂ ನೋಡಿ ಮುಗಿಸಿದಳು. ಆಮೇಲೆ ಆರ್ನಲ್ಡ್ ಹೇಳಿದ, "ಕ್ಲೈವ್ ಹತ್ರ ಕ್ಷಮೆ ಕೇಳ್ಬೇಕು. ಬಾಯಿಗೆ ಬಂದ ಹಾಗೆ ಅಂದ್ಬಿಟ್ಟೆ. ಇಪ್ಪತ್ತು ವರ್ಷದಲ್ಲಿ ಅವನ ಮೇಲೆ ಯಾವತ್ತೂ ಸಂಶಯಪಟ್ಟವನಲ್ಲ ನಾನು."

ಮ್ಯೂರಿಯಲ್ ಚಿಂದಿಬಟ್ಟೆಯಲ್ಲಿ ಬೆರಳು ಒರೆಸುತ್ತಲೇ ಇದ್ದಳು.

"ಯಾಕೆ ಸುಮ್ನಾದೆ?"

"ಕೇಳು, ಹೋಗಿ ಕೇಳು. ಅವನೇನೂ ಬೇಜಾರು ಮಾಡ್ಕೊಳಲ್ಲ." ಅವಳು ತಲೆಯೆತ್ತಿದಳು. "ಮಾರ್ಚಲ್ಲೂ ನೀನು ಹೀಗೇ ಕೀ ಇಸ್ಕೊಂಡು ಬಂದಿದ್ದೆ ಕಣೋ. ಆಗ್ಲೂ ಕೇಳಿದ್ದೆ ಕ್ಷಮೆ. ನೀನೇ ಕೀ ವಾಪಸು ಕೊಟ್ಟು ಬಂದಿದ್ದೆ."

ಆರ್ನಲ್ಡ್ ಕೈಗೆ ಹತ್ತಿದ ಎಣ್ಣೆಯನ್ನೂ ತೊಳೆಯದೆ ಬಾಗಿಲ ಕಡೆ ಹೊರಟ. ಕೈ ತೊಳೆದುಕೊಂಡು ಹೋಗು ಎಂದು ಮ್ಯೂರಿಯಲ್ ಅಂದದ್ದಕ್ಕೆ, "ಬೇಡ, ಅಷ್ಟರೊಳಗೆ ಯಾಕೆ ಹೊರಟೆ ಅನ್ನೋದೇ ಮರೆತುಹೋದ್ರೆ," ಎಂದು ಹೇಳಿ ಬೇಲಿಯ ಕಡೆ ಬೇಗ ಬೇಗ ನಡೆದ.