ಮುಳ್ಳು ಇಳಿಯುವವರೆಗೆ

ಟ್ರಾಮ್ ಹೋದಾಗಲೆಲ್ಲ ಮೀಟರಿನ ಮುಳ್ಳು ಅಳುಕುತ್ತದೆ, ಬೇರೆ ಯಾರಾದರೂ ನೋಡಿದರೆ ಗಮನಕ್ಕೂ ಬರುವುದಿಲ್ಲ, ಬೋಡಿಲ್ ಬೆಳಗಿನಿಂದ ಅದನ್ನೇ ನೋಡುತ್ತ ಕೂತಿದ್ದಾಳೆ, ಅಳುಕಿ ಮತ್ತೆ ತನ್ನ ಜಾಗಕ್ಕೇ ಬಂದು ನಿಲ್ಲುತ್ತದೆ, ಕೋಪನ್‌ಹೇಗನ್ನಿನ ಅಷ್ಟೂ ಟ್ರಾಮುಗಳು ಈ ಪ್ರಯೋಗಶಾಲೆಯ ಕಿಟಕಿಯ ಕೆಳಗೇ ತಿರುವು ತೆಗೆದುಕೊಳ್ಳುತ್ತವೇನೋ, ಅವುಗಳಲ್ಲೊಂದರಿಂದ ಇವತ್ತು ಮೀನು ಮಾರುವ ಫ್ರೂ ಸ್ಕೋವ್ ಇಳಿಯುತ್ತಾಳೆ, ಕಾಲುವೆ ದಂಡೆಯ ಮೀನು ಮಾರುಕಟ್ಟೆ ಮುಗಿದ ಮೇಲೆ — ಇದೇ ಟ್ರಾಮೋ, ಇನ್ನೊಂದೋ — ಮುಳ್ಳು ನಿಂತಿತು. ಗಾಜಿನ ಎರಡು ಬಟ್ಟಲುಗಳು ಬಾಯಿಗೆ ಬಾಯಿ ಕೊಟ್ಟು ಕೂತಿವೆ, ನಡುವೆ ಕಪ್ಪೆಯ ಹೊಟ್ಟೆಯ ಚರ್ಮ, ಒದ್ದೆ ರೇಷ್ಮೆಯ ತುಂಡಿನ ಹಾಗೆ, ಎರಡೂ ಕಡೆ ಒಂದೇ ಉಪ್ಪುನೀರು, ಆದರೆ ಚರ್ಮಕ್ಕೆ ಒಂದು ಕಡೆ ಕೆರೆ, ಇನ್ನೊಂದು ಕಡೆ ರಕ್ತ, ಅದು ಹಾಗೇ ನಂಬಿದೆ, ಕೆರೆಯ ಕಡೆಯಿಂದ ಸೋಡಿಯಂ ಹೆಕ್ಕಿ ಹೆಕ್ಕಿ ರಕ್ತದ ಕಡೆಗೆ ದಾಟಿಸುತ್ತಿದೆ, ಜೀವಕೋಶಗಳ ಒಂದು ಬಾಗಿಲಲ್ಲಿ ಒಳಗೆ, ಇನ್ನೊಂದು ಬಾಗಿಲಲ್ಲಿ ಹೊರಗೆ, ಆ ಸಾಗಾಟದಿಂದ ಹುಟ್ಟುವ ವಿದ್ಯುತ್ತೇ ಮುಳ್ಳನ್ನು ಎತ್ತಿ ಹಿಡಿದಿದೆ. ರಕ್ತ ಎಲ್ಲಿದೆ. ಕಪ್ಪೆಯೇ ಇಲ್ಲ, ಬೆಳಗ್ಗೆ ಇವಳ ಕೈಯಲ್ಲೇ ಹೋಯಿತು, ತಣ್ಣಗೆ, ಸದ್ದಿಲ್ಲದೆ, ಚರ್ಮಕ್ಕೆ ಮಾತ್ರ ಅದು ಗೊತ್ತಿಲ್ಲ. ಡಾಕ್ಟರ್ ಎಸ್ಕಿಲ್ಸನ್ ಕಾಫಿ ತಂದಿಟ್ಟು ಹೋದರು, ಉಪಕರಣಗಳ ಹತ್ತಿರ ಲೋಟ ಕಂಡರೆ ಕೂಗಾಡುವ ಮನುಷ್ಯ, ಇವತ್ತು ತಾವೇ ತಂದರು, ಸಕ್ಕರೆ ಹಾಕಿ ಕದಡಿಯೇ ತಂದರು, ನಿನ್ನ ಕಪ್ಪೆಗಳಿಗೆಲ್ಲ ಪಿಂಚಣಿ ಕೊಡ್ಬೇಕಾಗುತ್ತೆ ಬೋಡಿಲ್, ಇದನ್ನಾದ್ರೂ ಹೊತ್ತಿಗೆ ಸರಿಯಾಗಿ ನಿಲ್ಸು, ಎಂದು ಮಾತ್ರ ಅಂದರು. ಹೌದು, ಅವಳು ಯಾವ ಚರ್ಮವನ್ನೂ ತಾನಾಗಿ ನಿಲ್ಲಿಸುವುದಿಲ್ಲ, ಮುಳ್ಳು ತಾನೇ ಸೋತು ಇಳಿಯುವವರೆಗೆ ಕಾಯುತ್ತಾಳೆ, ಅಥವಾ ಯಾರಾದರೂ ಬಂದು ಯಂತ್ರ ನಿಲ್ಲಿಸುವ ಗುಬುಟು ತಿರುಗಿಸಬೇಕು, ಇಡೀ ಪ್ರಯೋಗಶಾಲೆಗೆ ಇದೊಂದು ತಮಾಷೆ.

ಹೋದ ವಾರ ಫ್ರೂ ಸ್ಕೋವ್ ಬಂದಾಗ ಬೋಡಿಲ್ ನೆಲಮಾಳಿಗೆಯ ತೊಟ್ಟಿಯಲ್ಲಿ ಕಪ್ಪೆ ಆರಿಸುತ್ತಿದ್ದಳು, ಎಸ್ಕಿಲ್ಸನ್ನರೇ ಬಾಗಿಲಲ್ಲಿ ಮಾತಾಡಿಸಿದ್ದು, ತಲೆಗೆ ಬಿಳಿ ವಸ್ತ್ರ ಕಟ್ಟಿದ ದಪ್ಪನೆಯ ಹೆಂಗಸು, ಮೀನಿನ ವಾಸನೆ, ಬಹಳ ಮರ್ಯಾದೆಯ ಮಾತು, ಅಂದರು, ಪೋಲಿಯೋ ವರ್ಷದಲ್ಲಿ ನೀನು ನೋಡಿಕೊಂಡ ಮಗುವಿನ ತಾಯಿಯಂತೆ, ಒಬ್ಬ ದಾದಿ ಅವಳ ಹತ್ತಿರ ಮೀನು ಕೊಳ್ಳುವಾಗ ಬಾಯಿತಪ್ಪಿ ಏನೋ ಹೇಳಿಬಿಟ್ಟಳಂತೆ, ಮಗು ಹೋದಮೇಲೂ ಪಾಪ ಆ ಹುಡುಗಿ ಗೊತ್ತಾಗದೆ ಉಸಿರಿನ ಚೀಲ ಒತ್ತುತ್ತಲೇ ಇದ್ದಳು ಅಂತ, ಆಸ್ಪತ್ರೆಯವರು ಹೇಳಿದ ಹೊತ್ತು ಬೇರೆ, ಹಾಗಾದರೆ ನಿಜವಾಗಿ ಯಾವಾಗ ಹೋಯಿತು, ಮುಂದಿನ ವಾರ ಮತ್ತೆ ಬಂದು ಅಷ್ಟೇ ಕೇಳಬೇಕಂತೆ. ಅಷ್ಟೇ. ಬೋಡಿಲ್‌ಗೂ ಅಷ್ಟೇ ಬೇಕಾಗಿರುವುದು, ಅಂದಿನಿಂದ ಇಂದಿನವರೆಗೆ. ಈಗ ರಸ ಹಾಕುವ ಹೊತ್ತು, ಪಿಪೆಟ್ಟಿನಲ್ಲಿ ಪಿಟ್ಯುಟರಿ ಗ್ರಂಥಿಯ ರಸ, ರಕ್ತದ ಕಡೆಯ ಬಟ್ಟಲಿಗೆ, ನಿಧಾನ — ಬದುಕಿದ ಕಪ್ಪೆಗಾದರೆ ಮೈ ಒಣಗಿದಾಗ ಮಿದುಳಿನ ಬುಡದಿಂದ ಈ ರಸ ರಕ್ತದಲ್ಲಿ ಇಳಿದು ಬರುತ್ತದೆ, ಉಪ್ಪು ಹಿಡಿ, ನೀರು ಹಿಡಿ, ಬಿಡಬೇಡ ಎಂದು ಚರ್ಮಕ್ಕೆ ಅಪ್ಪಣೆ, ಚರ್ಮ ಬಾಗಿಲುಗಳನ್ನು ಇನ್ನಷ್ಟು ತೆರೆಯುತ್ತದೆ. ಈಗ ಮಿದುಳು ಕಸದ ಬುಟ್ಟಿಯಲ್ಲಿದೆ, ಅಪ್ಪಣೆ ಕೊಟ್ಟವಳು ಬೋಡಿಲ್, ಆದರೂ ನೋಡು, ಮುಳ್ಳು ಏಳುತ್ತಿದೆ, ಮೊದಲು ಅನುಮಾನಿಸುತ್ತ, ಆಮೇಲೆ ಒಂದೇ ಸಮ, ಎಷ್ಟು ವಿಧೇಯ ಚರ್ಮ, ಯಾರು ಕರೆದರು ಎಂದು ಕೇಳುವುದಿಲ್ಲ, ಬೋಡಿಲ್ ಕೆಳಗೆ ನೋಡಿದರೆ ತೊಡೆಯ ಮೇಲೆ ಬಲಗೈ ಮುಚ್ಚುತ್ತಿದೆ, ತೆರೆಯುತ್ತಿದೆ, ಮುಚ್ಚುತ್ತಿದೆ, ಅವಳು ಎಡಗೈಯಿಂದ ಅದನ್ನು ಹಿಡಿದುಕೊಂಡಳು. ಸೈಕಲ್ಲಿನ ಬ್ರೇಕಿನ ಮೇಲೂ ಹೀಗೇ, ಕಪ್ಪು ಬ್ರೆಡ್ಡು ಕೊಯ್ಯುವಾಗಲೂ, ಇಗರ್ಜಿಯಲ್ಲಿ ಎದುರಿನ ಬೆಂಚನ್ನು ಹಿಡಿದು ನಿಂತಾಗಲೂ, ಅಮ್ಮ ನೋಡಿದರೂ ನೋಡದ ಹಾಗೆ ಅವಳ ಕೈಗೆ ಉಣ್ಣೆಯ ಉಂಡೆ ಕೊಟ್ಟು ಹಿಡ್ಕೋ ಅನ್ನುತ್ತಾಳೆ, ಹಿಡಿದುಕೊಂಡರೆ ಕೈ ಉಂಡೆಯನ್ನೂ ಒತ್ತುತ್ತದೆ.

ಪೋಲಿಯೋದ ಆ ಬೇಸಿಗೆ ಮುಗಿಯುವ ಹೊತ್ತಿಗೆ ಆಸ್ಪತ್ರೆಯಲ್ಲಿ ಉಸಿರಾಡಿಸುವ ಯಂತ್ರಗಳು ಸಾಲದಾದವು, ಮಕ್ಕಳು ಬರುತ್ತಲೇ ಇದ್ದರು, ವೈದ್ಯಕೀಯ ಓದುತ್ತಿದ್ದವರನ್ನೆಲ್ಲ ಕರೆದರು, ಇವಳನ್ನೂ, ಗಂಟಲಿಗೆ ಕೊಳವೆ, ಕೊಳವೆಗೆ ರಬ್ಬರ್ ಚೀಲ, ಒತ್ತು, ಬಿಡು, ಒತ್ತು, ಬಿಡು, ನೀನು ನಿಲ್ಲಿಸಿದರೆ ಮಗು ನಿಲ್ಲುತ್ತದೆ, ಯಾರಾದರೂ ಬಂದು ಸಾಕು ಅನ್ನುವವರೆಗೆ ನಿಲ್ಲಿಸಬೇಡ ಅಂದರು, ಬೇರೆ ಪಾಠವೇ ಇರಲಿಲ್ಲ. ಇವಳ ಪಾಲಿಗೆ ಬಂದ ಮಗು ಲಿಸ್ಬೆತ್, ಫ್ರೂ ಸ್ಕೋವ್‌ಳ ಮಗಳು, ಅವಳಿಗೆ ಮಾತಾಡಲಾಗುತ್ತಿರಲಿಲ್ಲ, ಕೊಳವೆ ಇದ್ದವರಿಗೆ ದನಿ ಬರುವುದಿಲ್ಲ, ಕಣ್ಣಲ್ಲೇ ಎಲ್ಲ, ಒಂದು ಸಲ ಮುಚ್ಚಿದರೆ ಹೌದು, ಬಿಟ್ಟೇ ಇದ್ದರೆ ಇಲ್ಲ, ಮನೆಯಿಂದ ತಂದ ರಾತ್ರಿಯಂಗಿ, ನೀಲಿ, ಎದೆಯ ಮೇಲೆ ಒಂದೇ ಬಿಳಿ ಗುಂಡಿ, ಉಳಿದವು ಉದುರಿದ್ದವು, ಬೋಡಿಲ್ ಒತ್ತಿದರೆ ಗುಂಡಿ ಏಳುತ್ತಿತ್ತು, ಬಿಟ್ಟರೆ ಇಳಿಯುತ್ತಿತ್ತು, ಮುಖ ನೋಡುವುದಕ್ಕಿಂತ ಗುಂಡಿ ನೋಡಿದರೆ ಲಯ ತಪ್ಪುತ್ತಿರಲಿಲ್ಲ. ಪಕ್ಕದ ಹಾಸಿಗೆಯಲ್ಲಿ ಚೀಲ ಒತ್ತುತ್ತಿದ್ದ ದಂತವೈದ್ಯ ಓದುವ ಹುಡುಗ ತನ್ನ ಪಾಲಿನ ಬಿಸ್ಕತ್ತನ್ನು ಇವಳ ಬಾಯಿಗೇ ಇಟ್ಟಿದ್ದ, ಇಬ್ಬರಿಗೂ ಕೈ ಬಿಡುವಿರಲಿಲ್ಲ, ಅರೆಗಳಿಗೆ ಎಡಗೈಗೆ ಚೀಲ ಬದಲಾಯಿಸಿ ಕೊಟ್ಟಿದ್ದು, ಅವನ ಹೆಸರು ಮರೆತುಹೋಗಿದೆ. ಲಿಸ್ಬೆತ್‌ಳ ಕಣ್ಣು ಮುಚ್ಚಿತ್ತು. ಹೌದು ಅಂದಳೋ, ನಿದ್ದೆ ಹೋದಳೋ, ನಿದ್ದೆ ಎಂದೇ ಅಂದುಕೊಂಡು ಬೋಡಿಲ್ ಒತ್ತಿದಳು, ಗುಂಡಿ ಎದ್ದಿತು, ಇಳಿಯಿತು, ಕಿಟಕಿಯ ಬೆಳಕು ಹಾಸಿಗೆಯಿಂದ ಗೋಡೆಗೆ ಸರಿದಿತ್ತು, ಗುಂಡಿ ಎದ್ದಿತು, ದೊಡ್ಡ ಡಾಕ್ಟರು ಬಂದು ರೆಪ್ಪೆ ಎತ್ತಿ ನೋಡಿದರು, ತಮ್ಮ ಕೈಯನ್ನು ಇವಳ ಕೈಯ ಮೇಲಿಟ್ಟರು, ಬೆಚ್ಚಗಿತ್ತು, ಇವಳು ಆ ಕೈಯ ಕೆಳಗೂ ಇನ್ನೊಮ್ಮೆ ಒತ್ತಿದಳು. ಮಗು ಹೋದದ್ದು ಬೆಳಕು ಹಾಸಿಗೆಯ ಮೇಲಿದ್ದಾಗಲೋ, ಗೋಡೆಗೆ ಹತ್ತಿದಾಗಲೋ, ಎಷ್ಟು ಹೊತ್ತು ಬೋಡಿಲ್ ಯಾರಿಗಾಗಿ ಉಸಿರಾಡಿದಳು. ಮರುವರ್ಷ ವೈದ್ಯಕೀಯ ಬಿಟ್ಟಳು, ಕಪ್ಪೆಗಳನ್ನು ಕೇಳಿಕೊಂಡು ತಾಯಂದಿರು ಬರುವುದಿಲ್ಲ ಎಂದು ನಗುತ್ತ ಹೇಳಿಕೊಂಡಿದ್ದಳು.

ಬಾಗಿಲು ತಟ್ಟಲಿಲ್ಲ, ವಾಸನೆಯೇ ಮೊದಲು ಬಂತು, ಉಪ್ಪು, ಸಮುದ್ರದ ಪಾಚಿ, ಆಮೇಲೆ ಬಿಳಿ ವಸ್ತ್ರ, ಕೆಂಪು ಕೆನ್ನೆ, ಒಳಗೆ ಬರಬಹುದಾ ಫ್ರೋಕನ್, ಶೂ ಒರೆಸ್ಕೊಂಡೇ ಬಂದಿದೀನಿ, ವಾಸನೆ ಒರೆಸೋಕ್ಕೆ ಆಗಲ್ಲ ನೋಡಿ, ನನ್ನ ಗಂಡನೇ ಆ ಆಸೆ ಬಿಟ್ಟಿದಾನೆ. ಬೋಡಿಲ್ ಎದ್ದು ಕುರ್ಚಿ ಕೊಟ್ಟಳು, ತಾನು ಎಲ್ಲಿ ಕೂರಬೇಕೋ ತಿಳಿಯದೆ ನಿಂತಳು, ಫ್ರೂ ಸ್ಕೋವ್ ಬಟ್ಟಲುಗಳನ್ನು ನೋಡಿ ಇದೇನು, ಬದುಕಿದೆಯಾ ಎಂದು ಕೇಳಿದಳು, ಕಪ್ಪೆ ಬೆಳಗ್ಗೆಯೇ ಹೋಯಿತು, ಚರ್ಮ ಮಾತ್ರ ಇನ್ನೂ ಉಪ್ಪು ಸಾಗಿಸುತ್ತಿದೆ, ಸಂಜೆಯವರೆಗೂ ಸಾಗಿಸಬಹುದು ಎಂದು ಬೋಡಿಲ್ ಹೇಳಿದಳು, ಹೇಳುತ್ತಲೇ ಏನು ಹೇಳಿದೆನೆಂದು ಹೊಳೆದು ಮುಳ್ಳಿನ ಕಡೆ ತಿರುಗಿದಳು, ಫ್ರೂ ಸ್ಕೋವ್ ಬಗ್ಗಿ ನೋಡಿದಳು, ಬಹಳ ಹೊತ್ತು, ಪಾಪ, ಅದಕ್ಕೆ ಯಾರೂ ಹೇಳಲಿಲ್ವಾ ಅಂದಳು. ಮುಳ್ಳು ಏರಿದಲ್ಲೇ ಇತ್ತು. ಆಮೇಲೆ ಅವಳು ತೊಡೆಯ ಮೇಲಿನ ಪೊಟ್ಟಣವನ್ನು ಸರಿಪಡಿಸಿಕೊಂಡು, ಬೋಡಿಲ್‌ಳ ಕಡೆ ನೋಡದೆ, ನಿಮ್ಮ ಮೇಲೆ ತಪ್ಪು ಹೊರಿಸೋಕ್ಕೆ ಬಂದಿಲ್ಲ ಫ್ರೋಕನ್, ನನ್ನದೊಂದು ಲೆಕ್ಕ ಕೂಡ್ತಾ ಇಲ್ಲ ಅಷ್ಟೆ ಎಂದು ಶುರುಮಾಡಿದಳು. ಆ ದಿನ ಮೀನು ಬೇಗ ಖರ್ಚಾಯಿತಂತೆ, ಮಗುವಿಗೆ ಒಗೆದ ಅಂಗಿ ತೆಗೆದುಕೊಂಡು ಟ್ರಾಮ್ ಹತ್ತಿದಳಂತೆ, ಬುಟ್ಟಿಯಲ್ಲಿ ದಾದಿಯರಿಗೆಂದು ಒಂದು ದೊಡ್ಡ ಮೀನು, ಕಂಡಕ್ಟರ್ ಅದನ್ನು ನೋಡಿ, ಈ ಮಹಾರಾಯರು ಸೀಟಿನಲ್ಲಿ ಕೂತಿದ್ದಾರೆ, ಇವರಿಗೂ ಟಿಕೆಟ್ ತಗೋಬೇಕು ಅಂದನಂತೆ, ನಾನು ಬಿಡ್ತೀನಾ, ಇವರು ನಿಮ್ಮ ಮಾವನವರು, ಮುಂದಿನ ಸ್ಟಾಪಲ್ಲಿ ಇಳೀತಾರೆ, ನೀವೇ ಕೊಡಿ ಅಂದೆ, ಇಡೀ ಟ್ರಾಮು ನಕ್ಕಿತು, ನಾನೂ ನಕ್ಕೆ ಫ್ರೋಕನ್, ಎಷ್ಟೋ ವಾರ ಆಗಿತ್ತು ನಕ್ಕು, ಹೊಟ್ಟೆ ಹಿಡ್ಕೊಂಡು ನಕ್ಕೆ, ಕಣ್ಣಲ್ಲಿ ನೀರು ಬರೋ ಹಾಗೆ. ಆಸ್ಪತ್ರೆಯವರು ಹೇಳಿದ ಹೊತ್ತು ನಾನು ಗೇಟು ದಾಟೋ ಹೊತ್ತು. ಅದು ನಿಜ ಆದ್ರೆ ನಾನು ನಗುವಾಗ ಅವಳು ಇದ್ದಳು. ಸುಳ್ಳಾದ್ರೆ — ಅವಳು ಪೊಟ್ಟಣದ ದಾರವನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

ಎಷ್ಟು ಸುಲಭ, ಆಸ್ಪತ್ರೆಯ ಹೊತ್ತನ್ನೇ ಇನ್ನೊಮ್ಮೆ ಹೇಳಿಬಿಟ್ಟರಾಯಿತು, ಈ ಹೆಂಗಸು ಎದ್ದು ಹಗುರಾಗಿ ಮನೆಗೆ ಹೋಗುತ್ತಾಳೆ, ಯಾರಿಗೇನು ನಷ್ಟ, ಬೋಡಿಲ್‌ಳ ಬಾಯಿ ತೆರೆಯಿತು, ಆ ಹೊತ್ತು ನಾಲಿಗೆಯ ತುದಿಗೆ ಬಂತು, ಫ್ರೂ ಸ್ಕೋವ್ ತಲೆ ಎತ್ತಿ ಅವಳನ್ನು ನೋಡುತ್ತಿದ್ದಳು, ಮೀನಿನ ಕಿವಿರು ಎತ್ತಿ ನೋಡುವವರ ಕಣ್ಣು, ಹಳಸಿದ್ದನ್ನು ತಾಜಾ ಎಂದು ಹೇಳಿದರೆ ತಿಳಿಯದೇ ಇರುತ್ತದೆಯೇ, ನನಗೆ ಗೊತ್ತಿಲ್ಲ ಫ್ರೂ ಸ್ಕೋವ್, ಅಂದಳು ಬೋಡಿಲ್. ನಿಜವಾಗ್ಲೂ ಗೊತ್ತಿಲ್ಲ. ಒತ್ತಿದ್ರೆ ಎದೆ ಏಳ್ತಿತ್ತು. ಅಷ್ಟಕ್ಕೇ ನಿಲ್ಲಬೇಕೆಂದಿದ್ದಳು, ಮಾತು ನಿಲ್ಲಲಿಲ್ಲ, ನಾನು ಅವಳಿಗೆ ಕಥೆ ಹೇಳ್ತಾ ಇದ್ದೆ, ಗಡ್ಡ ಬೋಳಿಸ್ಕೊಳ್ಳೋಕ್ಕೆ ಕ್ಷೌರದಂಗಡಿಗೆ ಹೋದ ಆಡಿನ ಕಥೆ, ನಾನೇ ಕಟ್ಟಿದ್ದು, ಆಡು ಸೋಪಿನ ನೊರೆ ತಿಂದುಬಿಡುತ್ತೆ, ಆಮೇಲೆ ಬ್ರಷ್ಷು, ಆಮೇಲೆ ಕ್ಷೌರಿಕನ ಟೋಪಿ, ಅಲ್ಲಿ ಅವಳ ಕಣ್ಣು ನಕ್ಕಿತು, ಬಾಯಿಗೆ ಆಗ್ತಿರಲಿಲ್ವಲ್ಲ, ಕಣ್ಣಿನ ಮೂಲೆ ಹೀಗೆ ಮಡಚ್ಕೊಳ್ತಿತ್ತು, ಅದನ್ನ ನೋಡಿ ನನಗೂ ತಡಿಯೋಕ್ಕಾಗ್ಲಿಲ್ಲ, ನಗ್ತಾ ನಗ್ತಾ ಒತ್ತಿದೆ, ಆಮೇಲೇ ಕಣ್ಣು ಮುಚ್ಚಿದ್ದು. ನಾನೂ ನಗ್ತಾ ಇದ್ದೆ ಫ್ರೂ ಸ್ಕೋವ್. ಗಾಳಿಯ ಗುಳ್ಳೆಗಳು ಬಟ್ಟಲಲ್ಲಿ ಗುಳಗುಳ ಎನ್ನುತ್ತಿದ್ದವು. ನೊರೆನೂ ತಿಂತಾ, ಎಂದು ಕೇಳಿದಳು ಫ್ರೂ ಸ್ಕೋವ್ ಕೊನೆಗೆ. ಎಲ್ಲಾ ತಿಂತು, ಅಂದಳು ಬೋಡಿಲ್. ನನ್ನ ಮಗಳು ಹೊಟ್ಟೆಬಾಕರ ಕಥೆ ಅಂದ್ರೆ ಬಿದ್ದು ಸಾಯ್ತಿದ್ಲು, ಅಂದಳು, ಅಂದು ತಾನೇ ಆ ಮಾತಿಗೆ ಬೆಚ್ಚಿ, ಬೆಚ್ಚಿದ್ದಕ್ಕೆ ನಕ್ಕು, ಮುಖವನ್ನು ವಸ್ತ್ರದ ತುದಿಯಿಂದ ಒರೆಸಿಕೊಂಡಳು. ಹೇಗೆ ಒತ್ತುತ್ತಿದ್ದೆ, ತೋರ್ಸು — ಯಾವಾಗ ನೀವು ಹೋಗಿ ನೀನು ಬಂತೋ — ಕೈ ಚಾಚಿದಳು, ತಣ್ಣನೆಯ ದಪ್ಪ ಕೈ, ಚಾಕುವಿನ ಹಳೆಯ ಗಾಯಗಳು, ಬೋಡಿಲ್ ಅದನ್ನು ಹಿಡಿದು ಒತ್ತಿದಳು, ಬಿಟ್ಟಳು, ಒತ್ತಿದಳು, ತಾಯಿ ಕಣ್ಣು ಮುಚ್ಚಿ ಆ ಲಯಕ್ಕೇ ಉಸಿರೆಳೆದುಕೊಳ್ಳುತ್ತಿದ್ದಳು, ನಿಧಾನವಾಗೇ ಮಾಡ್ತಿದ್ದೆ, ಅಂದಳು, ಒಳ್ಳೇದು, ಅವಳಿಗೆ ಅವಸರ ಆಗ್ತಿರಲಿಲ್ಲ. ಎಷ್ಟು ಹೊತ್ತು ಹಾಗೆ ಇದ್ದರೋ. ಬಿಡು ಹುಡುಗಿ ಈಗ, ಆ ಕೈ ನನಗೆ ನಾಳೆ ಬೇಕು, ಗಿರಾಕಿಗಳು ಬರ್ತಾರೆ, ಎಂದಾಗಲೇ ಬೋಡಿಲ್‌ಗೆ ತಾನಿನ್ನೂ ಒತ್ತುತ್ತಿರುವುದು ತಿಳಿದದ್ದು.

ಹೋದಳು. ಮೀನಿನ ಪೊಟ್ಟಣವನ್ನು ಕಿಟಕಿಯ ಹೊರಗಿನ ಕಟ್ಟೆಯ ಮೇಲೆ, ತಣ್ಣಗಿರಲಿ ಎಂದು, ತಾನೇ ಇಟ್ಟು ಹೋದಳು, ಬೆಣ್ಣೇಲಿ ಹುರಿ, ಜಾಸ್ತಿ ಹೊತ್ತು ಬೇಡ, ನಿಮ್ಮ ಡಾಕ್ಟ್ರಿಗೂ ಒಂದು ತುಂಡು ಕೊಡು, ಸಣಕಲು ಮನುಷ್ಯ. ಮೆಟ್ಟಿಲಲ್ಲಿ ಅವಳ ಹೆಜ್ಜೆ ಇಳಿಯಿತು, ಕೆಳಗೆ ಒಂದು ಟ್ರಾಮ್ ಬಂತು, ಮುಳ್ಳು ಅಳುಕಿತು, ಟ್ರಾಮ್ ಹೋಯಿತು, ಅವಳು ಅದರಲ್ಲಿ ಹತ್ತಿದಳೋ ಇಲ್ಲವೋ ಬೋಡಿಲ್ ಕಿಟಕಿಗೆ ಹೋಗಿ ನೋಡಲಿಲ್ಲ. ತಾಯಿ ನಗುವಾಗ ಮಗಳು ಇದ್ದಳೋ ಇಲ್ಲವೋ, ಲೆಕ್ಕ ಕೂಡಲಿಲ್ಲ, ಕೂಡದ ಲೆಕ್ಕವನ್ನೇ ಅವಳು ಬುಟ್ಟಿಗೆ ಹಾಕಿಕೊಂಡು ಹೋದಳು, ಹೋಗುವಾಗ ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡಳು, ಮಗು ಮಲಗಿರುವ ಕೋಣೆಯ ಬಾಗಿಲನ್ನು ಎಳೆಯುವ ಹಾಗೆ. ಬೋಡಿಲ್ ಗುಬುಟಿಗೆ ಕೈ ಹಾಕಿದಳು. ಯಾರೂ ಬಂದು ಸಾಕು ಅನ್ನಲಿಲ್ಲ, ಎಸ್ಕಿಲ್ಸನ್ ಪಕ್ಕದ ಕೋಣೆಯಲ್ಲಿ ಕೆಮ್ಮುತ್ತಿದ್ದಾರೆ, ಬಂದಾರು, ಬರಲಿ, ಬರುವುದು ಬೇಡ — ತಿರುಗಿಸಿದಳು. ಮುಳ್ಳು ಬಿದ್ದಿತು, ಒಂದೇ ಸಲ, ಸೊನ್ನೆಗೆ, ಗುಳ್ಳೆಗಳು ನಿಂತವು, ಚರ್ಮ ಅಲ್ಲಿ ಇನ್ನೂ ಸಾಗಿಸುತ್ತಿದ್ದರೂ ಇರಬಹುದು, ಕೆರೆಯಿಂದ ರಕ್ತಕ್ಕೆ, ಅಳೆಯುವವರು ಇಲ್ಲ ಅಷ್ಟೆ, ಅವಳು ಕೈಯನ್ನು ಮೇಜಿನ ಮೇಲೆ ಅಂಗಾತ ಇಟ್ಟಳು, ಐದು ಬೆರಳೂ ಬಿಡಿಸಿ, ಏನನ್ನೂ ಹಿಡಿಯದೆ, ಮುಚ್ಚಲಿಲ್ಲ, ನೋಡಿದಳು, ಮುಚ್ಚಲಿಲ್ಲ, ಕೈ ತೆರೆದೇ ಇದೆ, ಕಣ್ಣ ಮುಂದೆ ನೀಲಿ ಅಂಗಿ, ಬಿಳಿ ಗುಂಡಿ, ಕೈ ತೆರೆದೇ ಇದೆ, ಯಾರೂ ಒತ್ತದೆಯೇ ಗುಂಡಿ ಏಳುತ್ತಿದೆ.