ಪಕೀರಪ್ಪನ ಅಂಗಾಲು

ಮಸರಕಲ್ಲಿನಲ್ಲಿ ಮೊಹರಂ ಪೀರನನ್ನು, ಕೋಲಿನ ತುದಿಯ ಆ ಬೆಳ್ಳಿಯ ಹಸ್ತವನ್ನು, ಹಿಡಿಯುವುದು ನಮ್ಮ ತವರುಮನೆಗೆ ಬಂದ ಹಕ್ಕು. ಅಪ್ಪ ಹಿಡಿದ, ಅಪ್ಪನ ನಂತರ ನನ್ನ ತಮ್ಮ ಪಕೀರಪ್ಪ ಹಿಡಿದ. ಓದಿಕೆ, ಲೋಬಾನದ ಧೂಪ ಎಲ್ಲ ಪೀರಗಳ ಸೇವೆ ಮಾಡುವ ಮುಜಾವರ, ಅಪ್ಪನ ವಾರಗೆಯ ಹುಸೇನಪೀರನದು. ಪೀರಗಳನ್ನು ಎದೆಗೆ ಆನಿಸಿಕೊಂಡು ಕೆಂಡದ ಕುಣಿ ಹಾಯುವವರು ಮಾತ್ರ ಇಬ್ಬರು, ಮುಂದೆ ಹುಸೇನಪೀರ, ಹಿಂದೆ ನನ್ನ ತಮ್ಮ. ನಾನು ಮಾನ್ವಿಗೆ ಕೊಟ್ಟ ಹೆಣ್ಣಾದರೂ ಹಬ್ಬಕ್ಕೆ ತವರಿಗೆ ಬಂದು ಚೊಂಗೆಯ ಸಿಹಿ ರೊಟ್ಟಿ ಮಾಡಿ ಪೀರನ ಮುಂದೆ ಓದಿಸುವುದನ್ನು ತಪ್ಪಿಸಿಲ್ಲ.

ಕೆಂಡದ ಮೇಲೆ ಯಾರಾದರೂ ದುಡುದುಡು ಓಡಿಯೇ ದಾಟುತ್ತಾರೆ. ಈ ವರ್ಷ ಪಕೀರಪ್ಪ ಓಡಲಿಲ್ಲ. ಹೊಲದ ಬದುವಿನ ಮೇಲೆ ಹೋಗುವವನ ಹಾಗೆ ನಿಧಾನ ನಡೆದ. ನಡುವೆ ಒಂದು ಗಳಿಗೆ ನಿಂತೂ ನಿಂತ. ಈಚೆ ಬಂದವನೇ, ಬೆಂಕಿ ತಣ್ಣಗಿತ್ತು ಎಂದ. ಜನ ಅವನ ಕಾಲಿಗೆ ಬಿದ್ದರು. ಕೂಸುಗಳನ್ನು ತಂದು ಅವನ ಪಾದದ ಮುಂದೆ ಮಲಗಿಸಿದರು. ಅಕ್ಕನಾದ ನಾನೂ ಬಿದ್ದೆ.

ಹಬ್ಬ ಮುಗಿದ ಮೇಲೆ ಶಶಿಕಲಾ ಮನೆಗೆ ಬಂದಳು. ಊರಿನ ಆರೋಗ್ಯ ಕೇಂದ್ರದಲ್ಲಿ ನರ್ಸ್ ಆಗಿರುವ ಹುಡುಗಿ, ಸಿರವಾರದ ಕಡೆಯವಳು. ಪಕೀರಪ್ಪನಿಗೆ ಸಕ್ಕರೆ ಕಾಯಿಲೆ ಬಂದು ಬಹಳ ವರ್ಷವಾಗಿದೆ. ಈಗ ಸರಕಾರದವರು ಸಕ್ಕರೆ ಇದ್ದವರ ಹೆಸರನ್ನೆಲ್ಲ ಫೋನಿನಲ್ಲಿ ಇಟ್ಟಿದ್ದಾರೆ. ತಿಂಗಳಿಗೊಮ್ಮೆ ರಕ್ತ ನೋಡಿ ಗುಳಿಗೆ ಕೊಡಬೇಕು, ವರ್ಷಕ್ಕೊಮ್ಮೆ ಕಣ್ಣು, ಅಂಗಾಲು ನೋಡಬೇಕು. ಯಾರು ತಪ್ಪಿಸುತ್ತಾರೋ ಅವರ ಹೆಸರು ಕೆಂಪಾಗುತ್ತದೆ, ಹುಡುಗಿ ಅವರ ಮನೆಗೆ ಹೋಗಬೇಕು. ಗುಳಿಗೆಯನ್ನು ನೆನಪಾದರೆ ನುಂಗುತ್ತಿದ್ದ ನನ್ನ ತಮ್ಮ, ಅಂಗಾಲು ತೋರಿಸುವುದನ್ನು ಹಬ್ಬ ಆಗಲಿ, ಹಬ್ಬ ಆಗಲಿ ಎಂದು ಮುಂದೆ ಹಾಕಿದ್ದ.

ಅವಳು ಗಾಳದ ದಾರದಂಥ ಒಂದು ಎಳೆ ತೆಗೆದಳು. ಕಣ್ಣು ಮುಚ್ಚಿ, ಮುಟ್ಟಿದಾಗ ಹೂಂ ಅನ್ನಬೇಕು ಎಂದು ತಿಳಿಸಿ ಹೇಳಿದಳು. ಎಳೆ ಹೆಬ್ಬೆರಳಿಗೆ ತಾಗಿ ಬಾಗಿತು. ಪಕೀರಪ್ಪ ಸುಮ್ಮನಿದ್ದ. ಹಿಮ್ಮಡಿಗೆ ತಾಗಿತು, ಸುಮ್ಮನಿದ್ದ. ಅವಳು ಕೈ ಹಿಂದಕ್ಕೆ ತಗೊಂಡಾಗ ಹೂಂ ಎಂದ. ಹೊಸ್ತಿಲಲ್ಲಿ ಅಕ್ಕಿ ಆರಿಸುತ್ತಿದ್ದ ಅವನ ಹೆಂಡತಿ ಕನಕಮ್ಮನ ಕೈ ಮೊರದಲ್ಲೇ ನಿಂತಿತು. ಹೆಬ್ಬೆರಳ ಕೆಳಗೆ ಬೊಬ್ಬೆ ಒಡೆದು, ಒಳಗೆ ಬೂದಿ ಮೆತ್ತಿಕೊಂಡಿತ್ತು. ಅದು ಅವನಿಗೇ ಗೊತ್ತಿರಲಿಲ್ಲ.

"ಯಪ್ಪಾ, ಬೆಂಕಿ ತಣ್ಣಗಿದ್ದಿಲ್ಲರೀ," ಎಂದಳು ಶಶಿಕಲಾ ಮೆಲ್ಲಗೆ. "ನಿಮ್ಮ ಕಾಲಿಗೆ ತಿಳೀಲಿಲ್ಲ."

"ಊರೆಲ್ಲಾ ನೋಡ್ಯಾರ. ನೀ ಒಂದು ದಾರ ತಂದು ಪೀರನ್ನ ಸುಳ್ಳು ಮಾಡ್ತಿಯೇನು ಯವ್ವಾ?"

ಅವಳು ವಾದಕ್ಕೆ ಇಳಿಯಲಿಲ್ಲ. ಗಾಯ ತೊಳೆದು ಕಟ್ಟಿದಳು. ದೇವದುರ್ಗದ ಆಸ್ಪತ್ರೆಗೆ ಹೋಗಲೇಬೇಕು, ನಂಜು ಒಳಗೆ ಇಳಿದರೆ ಬೆರಳು ಹೋಗುತ್ತದೆ, ಆಮೇಲೆ ಪಾದವೇ ಹೋದೀತು ಎಂದು ಹೇಳಿ, ಅದನ್ನೂ ಫೋನಿಗೆ ಹಾಕಿ ಹೋದಳು.

ಮರುದಿನ ಅವನು ಒಗೆದ ಧೋತರ ಉಟ್ಟು ದೇವದುರ್ಗದ ಬಸ್ಸು ಹತ್ತಿದ. ಸಂಜೆ ಬಂದು, ಡಾಕ್ಟರು ಏನೂ ಇಲ್ಲ ಅಂದರು ಎಂದ. ನಾವು ನಂಬಿದೆವು. ಬೆಳಗಾದರೆ ಶಶಿಕಲಾ ಬಾಗಿಲಲ್ಲಿ. ದೇವದುರ್ಗದಲ್ಲಿ ಇವನನ್ನು ಯಾರೂ ನೋಡಿಲ್ಲವೆಂದು ಅವಳ ಫೋನು ಹೇಳಿತ್ತು. ಇವನು ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಹೊತ್ತು ಕಳೆದು ಬಂದಿದ್ದ.

"ಪೊಲೀಸರೂ ಹಿಂಗ ಬೆನ್ನ ಹತ್ತಂಗಿಲ್ಲ," ಎಂದ ಪಕೀರಪ್ಪ.

"ಪೊಲೀಸರು ಬಿಟ್ಟಾರು, ಈ ಫೋನು ಬಿಡಂಗಿಲ್ಲರೀ. ನೀವು ಹೋಗೂತನಕಾ ದಿನಾ ನನ್ನ ಕೇಳ್ತದ."

ಆದರೂ ಅವನು ಕದಲಲಿಲ್ಲ. ಆಸ್ಪತ್ರೆಯ ಅಂಜಿಕೆ ಅಲ್ಲ ಅದು. ಹೋದರೆ ಪೀರನ ಕರುಣೆ ಎಂದು ಊರು ನಂಬಿದ್ದು ಬರೀ ರೋಗ ಎಂದು ತಾನೇ ಒಪ್ಪಿದಂತೆ. ಕಾಲಿಗೆ ಬಿದ್ದವರ ಮುಂದೆ ಮುಖ ಹೇಗೆ ಎತ್ತುವುದು? ಕನಕಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನನ್ನ ಕಡೆ ನೋಡಿದಳು. ಆಸ್ಪತ್ರೆಗೆ ಹೋಗು ಎಂದು ನಾನು ಹೇಳಿದರೂ ಅವನ ಕಿವಿಗೆ ಬೀಳದು ಅನಿಸಿತು. ಎದ್ದು ಹುಸೇನಪೀರನ ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅವನು ಆಗಲೇ ಎದ್ದು ನನ್ನ ಹಿಂದೆ ಬಂದ.

ಬಂದವನು ಕಟ್ಟೆಯ ಮೇಲೆ ಕುಳಿತು, ಚಪ್ಪಲಿ ಬಿಟ್ಟು, ಕಾಲನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ. ಅಂಗಾಲ ತುಂಬ ಸುಟ್ಟ ಕಲೆ, ಹೊಸವು, ಹಳೆಯವು.

"ನೋಡಪಾ ಪಕೀರಾ. ನನಗ ವರ್ಷಾ ಸುಡ್ತದ."

"ನೀ ಎಂದೂ ಹೇಳಿಲ್ಲಲ್ಲ ಕಾಕಾ."

"ನೀ ಎಂದೂ ಕೇಳಿಲ್ಲ. ನಿಮ್ಮಪ್ಪಗೂ ಸುಡ್ತಿತ್ತು. ಇಬ್ಬರೂ ಹಿತ್ತಲದಾಗ ಕುಂತು ಲೋಳಸರ ಹಚ್ಚಿಕೊಂತಿದ್ದಿವಿ. ಸುಟ್ಟರೂ ದಾಟೂದಕ್ಕ ಹರಕಿ ಅಂತಾರ. ಸುಡದಿದ್ದರ ಪೀರಗ ನೀ ಕೊಟ್ಟದ್ದೇನು?"

ಪಕೀರಪ್ಪ ತನ್ನ ಕಾಲನ್ನು ಬೇರೆ ಯಾರದೋ ಎಂಬಂತೆ ಬಹಳ ಹೊತ್ತು ನೋಡಿದ. ಆಮೇಲೆ ಕನಕಮ್ಮನಿಗೆ ಧೋತರ ಕೊಡು ಎಂದ. ಈ ಸಲ ಹುಸೇನಪೀರ ಅವನ ಪಕ್ಕದಲ್ಲೇ ಬಸ್ಸಿನಲ್ಲಿ ಕುಳಿತ. ದೇವದುರ್ಗದವರು ರಾಯಚೂರಿಗೆ ಕಳಿಸಿದರು. ಅಲ್ಲಿ ಸತ್ತ ಮಾಂಸ ತೆಗೆದು, ಮಲಗಿಸಿಕೊಂಡು ಔಷಧ ಕೊಟ್ಟರು. ಇನ್ನಷ್ಟು ತಡವಾಗಿದ್ದರೆ ಬೆರಳು ಉಳಿಯುತ್ತಿರಲಿಲ್ಲ ಎಂದರಂತೆ. ಊರಿಗೆ ಮರಳಿದ ಮೇಲೆ ಪಟ್ಟಿ ಬದಲಿಸುವುದು ಶಶಿಕಲಾಳ ಪಾಲಿಗೆ ಬಂತು. ಇವನು ಒಂದು ದಿನ ತಪ್ಪಿಸಿದರೂ ಅವಳು ಬಾಗಿಲಿಗೆ ಬರುತ್ತಿದ್ದಳು. ಕೊನೆಗೆ ಅವಳ ಕಾಟಕ್ಕೆ ಬೇಸತ್ತು ತಾನೇ ಮೊದಲು ಹೋಗಿ ಕೂಡತೊಡಗಿದ. ಗುಳಿಗೆಯೂ ತಪ್ಪಲಿಲ್ಲ, ಸಕ್ಕರೆಯೂ ಇಳಿಯಿತು.

ಹತ್ತಿ ಬಿಡಿಸುವ ಹೊತ್ತಿಗೆ ನಾನು ಮತ್ತೆ ಹೋದಾಗ ಗಾಯ ಕೂಡಿ, ಅಲ್ಲಿ ಎಳೆಯ ಚರ್ಮ ಬಂದಿತ್ತು. ಹೋದ ಸ್ಪರ್ಶ ಮಾತ್ರ ತಿರುಗಿ ಬರುವುದು ಕಷ್ಟ, ಇನ್ನು ಬೆಂಕಿ ತುಳಿಯಬಾರದು, ಅಂಗಳದಲ್ಲೂ ಬರಿಗಾಲಲ್ಲಿ ಓಡಾಡಬಾರದು ಎಂದು ರಾಯಚೂರಿನ ಡಾಕ್ಟರು ಮೆತ್ತನೆಯ ಜೋಡು ಕೊಟ್ಟು ಕಳಿಸಿದ್ದರು. ಅವತ್ತು ಹುಸೇನಪೀರನೂ ಬಂದಿದ್ದ. ನನ್ನ ತಮ್ಮ ಎಷ್ಟೋ ದಿನದಿಂದ ನುಂಗಿಕೊಂಡಿದ್ದ ಮಾತನ್ನು ಕೇಳಿದ.

"ಮುಂದಿನ ವರ್ಷ ಪೀರನ್ನ ಬ್ಯಾರೇದವರಿಗೆ ಕೊಡ್ತಿಯೇನು ಕಾಕಾ?"

"ಹಿಡಿಯಾಕ ಕೈ ಬೇಕು. ಕಾಲು ನೀ ಇಟ್ಕೊ. ನಾ ಕುಣಿ ಹಾಯ್ತೀನಿ, ನೀ ಪೀರನ್ನ ಹಿಡಕೊಂಡು ಸುತ್ತ ನಡಿ."

"ಜೋಡ ಹಾಕ್ಕೊಂಡೇನು?"

"ಹಾಕ್ಕೊ. ಆ ಜೋಡಿಗೂ ಲೋಬಾನದ ಹೊಗಿ ತೋರಸ್ತೀನಿ. ಯಾರರ ಕೇಳಿದ್ರ ಮುಜಾವರ ಹೇಳ್ಯಾನ ಅನ್ನು."

ಕನಕಮ್ಮ ನಕ್ಕಳು. ಆ ಮನೆಯಲ್ಲಿ ಅವಳ ನಗು ಕೇಳಿ ಬಹಳ ದಿನವಾಗಿತ್ತು. ಪಕೀರಪ್ಪ, ಹಾಗಾದರೆ ನಾಳೆ ನೀನೂ ಕೇಂದ್ರಕ್ಕೆ ಬಾ, ಶಶಿಕಲಾ ನಿನ್ನದೂ ರಕ್ತ ನೋಡಲಿ ಎಂದ. ತನಗೇನಾಗಿದೆ, ತನಗೆ ಸುಡುತ್ತದಲ್ಲ ಎಂದು ಮುದುಕ ಜಾರಿಕೊಳ್ಳಲು ನೋಡಿದ.

"ಮೊದಲ ನನಗೂ ಸುಡ್ತಿತ್ತು ಕಾಕಾ," ಎಂದ ನನ್ನ ತಮ್ಮ.

ಮರುದಿನ ಬೆಳಗ್ಗೆ ಇಬ್ಬರೂ ಕೂಡಿಯೇ ಹೋದರು.